ಕೂಸಿನ ಮೂಗೂ ಊರಿನ ಕ್ಷೇಮವೂ

ನೆಗಡಿ, ಕೆಮ್ಮು, ಜ್ವರಗಳು ಮಕ್ಕಳಿರುವ ಯಾವ ಮನೆಗೂ ಹೊಸವಲ್ಲ. ಸೆರಗಿನ ತುದಿಯಿಂದ ಮೂಗೊರೆಸಿ, ಕಷಾಯ ಕುಡಿಸಿ, ನಾಲ್ಕು ದಿನ ಕಾದರೆ ಹೋಗುವ ಬೇನೆಯೆಂದು ನಮ್ಮ ತಾಯಂದಿರು ಇವನ್ನು ಎಣಿಸುತ್ತ ಬಂದಿದ್ದಾರೆ. ಬಹುಪಾಲು ಅವರ ಎಣಿಕೆ ಸರಿಯಾದುದೇ. ಆದರೆ ಅದೇ ಸೋರುವ ಮೂಗಿನಲ್ಲಿ ಕೆಲವೊಮ್ಮೆ ಇನ್‌ಫ್ಲುಯೆಂಜಾ ವೈರಸು ನೆಲೆಸಿರುತ್ತದೆ. ಕಣ್ಣಿನಿಂದ ನೋಡಿಯಾಗಲಿ ನಾಡಿ ಹಿಡಿದಾಗಲಿ ಅದನ್ನು ಗುರುತಿಸಲು ಬಾರದು. ಮೂಗಿನೊಳಗಿನ ದ್ರವವನ್ನು ಕಡ್ಡಿಯೊಂದರ ತುದಿಗೆ ಅಂಟಿಸಿಕೊಂಡು ಪ್ರಯೋಗಶಾಲೆಗೆ ಕಳುಹಿಸಬೇಕು. ವೈದ್ಯರು ‘ಸ್ವ್ಯಾಬ್’ ಎನ್ನುವುದು ಈ ಕಡ್ಡಿಯನ್ನೇ.

ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಈ ಕಡ್ಡಿಯ ವಿಷಯವಾಗಿ ನಮ್ಮ ಅಭಿಪ್ರಾಯವನ್ನು ಹೇಳಬಯಸುತ್ತೇವೆ. ಇದು ಬಿಸಿಲಿನ ಸೀಮೆ. ಸುಗ್ಗಿ ಮುಗಿದೊಡನೆ ಮಕ್ಕಳನ್ನು ಕಟ್ಟಿಕೊಂಡು ದೂರದ ಊರುಗಳಿಗೆ ಗುಳೆ ಹೋಗುವ ಸಂಸಾರಗಳು ಇಲ್ಲಿ ಬಹಳ. ಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕ, ಕೊಟ್ಟೂರಿನ ಗುರು ಬಸವೇಶ್ವರನ ತೇರು ಮೊದಲಾದ ದೊಡ್ಡ ಜಾತ್ರೆಗಳು ನಡೆಯುವುದು ಫೆಬ್ರವರಿ, ಮಾರ್ಚಿ ತಿಂಗಳುಗಳ ಸುಮಾರಿಗೆ. ಭಾರತದಲ್ಲಿ ಫ್ಲೂ ಜ್ವರವು ಜನವರಿಯಿಂದ ಮಾರ್ಚಿಯವರೆಗೆ ಒಮ್ಮೆ, ಮಳೆಗಾಲದಲ್ಲಿ ಹಾಗೂ ಅದರ ಬೆನ್ನಿಗೆ ಇನ್ನೊಮ್ಮೆ ತಲೆಯೆತ್ತುತ್ತದೆ. ಜಾತ್ರೆಯ ಕಾಲವೂ ಜ್ವರದ ಕಾಲವೂ ಹೀಗೆ ಕೂಡಿಬರುವ ಸೀಮೆಯಲ್ಲಿ ಯಾವ ವೈರಸು ಸಂಚರಿಸುತ್ತಿದೆಯೆಂದು ತಿಳಿದಿರುವುದು ಒಳ್ಳೆಯದಲ್ಲವೆ?

ತಿಳಿಯದಿದ್ದರೆ ಏನಾಗುತ್ತದೆಂಬುದಕ್ಕೆ ಚರಿತ್ರೆಯೇ ಸಾಕ್ಷಿ. 1918ರ ಮಹಾಮಾರಿಯಲ್ಲಿ ಭಾರತದಲ್ಲಿ ಒಂದು ಕೋಟಿಗೂ ಮಿಗಿಲಾಗಿ ಜನರು ಸತ್ತರೆಂದು ಅಂದಾಜು. ಆಗ ಈ ಸೀಮೆ ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಕೊಂದ ವಸ್ತು ಯಾವುದೆಂದು ಲೋಕದ ಯಾವ ವೈದ್ಯನಿಗೂ ನಿಶ್ಚಯವಿರಲಿಲ್ಲ. 1892ರಲ್ಲಿ ಜರ್ಮನಿಯ ಫೈಫರ್ ಕಂಡಿದ್ದ ಒಂದು ಬ್ಯಾಕ್ಟೀರಿಯದ ಮೇಲೆ ಅನೇಕರು ಅಪರಾಧ ಹೊರಿಸಿದ್ದರು. 1933ರಲ್ಲಿ ಇಂಗ್ಲೆಂಡಿನ ಸ್ಮಿತ್, ಆಂಡ್ರೂಸ್, ಲೇಡ್ಲಾ ಎಂಬ ಮೂವರು ರೋಗಿಯ ಗಂಟಲು ತೊಳೆದ ನೀರನ್ನು ಸೋಸಿ, ಫೆರೆಟ್ ಎಂಬ ಪ್ರಾಣಿಯ ಮೂಗಿಗೆ ಹನಿಸಿ, ಮಾನವನ ಫ್ಲೂ ವೈರಸನ್ನು ಹಿಡಿದರು. 1957ರಲ್ಲಿ ಏಷ್ಯನ್ ಫ್ಲೂ ಮದರಾಸಿನ ಮಾರ್ಗವಾಗಿ ಭಾರತಕ್ಕೆ ಕಾಲಿಟ್ಟಾಗ ಕೂನೂರಿನ ಪಾಸ್ಚರ್ ಸಂಸ್ಥೆಯ ಇನ್‌ಫ್ಲುಯೆಂಜಾ ಕೇಂದ್ರವು ರೋಗಿಗಳ ಮಾದರಿಯಿಂದ ವೈರಸನ್ನು ಬೇರ್ಪಡಿಸಿತು. ರೋಗ ನಿಲ್ಲಲಿಲ್ಲ, 44 ಲಕ್ಷಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದುದು ದಾಖಲೆಯಾಯಿತು. ಆದರೆ ಈ ಸಲ ಶತ್ರುವಿನ ಗುರುತು ಸಿಕ್ಕಿತ್ತು.

ಮಕ್ಕಳ ಮಾದರಿಗೇ ಇಷ್ಟು ಬೆಲೆಯೇಕೆ? ಚಿಕ್ಕ ಮಕ್ಕಳು ದೊಡ್ಡವರಿಗಿಂತ ಹೆಚ್ಚು ವೈರಸನ್ನು, ಹೆಚ್ಚು ದಿನ ಹೊರಚೆಲ್ಲುತ್ತಾರೆ. ಹೊಸ ಬಗೆಯೊಂದು ಬಂದರೆ ಮೊದಲು ಅವರಲ್ಲಿ ತೋರುವುದೂ ಉಂಟು. 2009ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಹತ್ತು ವರ್ಷದ ಒಬ್ಬ ಹುಡುಗನಿಗೂ ಒಂಬತ್ತು ವರ್ಷದ ಒಬ್ಬ ಹುಡುಗಿಗೂ ಜ್ವರ ಬಂತು. ಇಬ್ಬರಿಗೂ ಪರಸ್ಪರ ಸಂಬಂಧವಿರಲಿಲ್ಲ. ಇಬ್ಬರೂ ಗುಣ ಹೊಂದಿದರು. ಆದರೆ ಅವರ ಮೂಗಿನ ಮಾದರಿಗಳಲ್ಲಿ ಅದುವರೆಗೆ ಯಾರೂ ಕಾಣದಿದ್ದ ಫ್ಲೂ ವೈರಸು ಏಪ್ರಿಲಿನಲ್ಲಿ ಪತ್ತೆಯಾಯಿತು. ಲೋಕವನ್ನೆಲ್ಲ ಸುತ್ತಿದ ಎಚ್1ಎನ್1 ಮಾರಿಯ ಮೊದಲ ಸುಳಿವುಗಳಲ್ಲಿ ಅವು ಸೇರಿದ್ದುವು. ನಮ್ಮ ನಾಡಿನಲ್ಲಿಯೇ 2025ರ ಜನವರಿಯಲ್ಲಿ ಬೆಂಗಳೂರಿನ ಎರಡು ಹಸುಗೂಸುಗಳ ಮಾದರಿಯಲ್ಲಿ ಎಚ್.ಎಂ.ಪಿ.ವಿ. ಎಂಬ ವೈರಸು ಕಂಡಾಗ ಜನ ಗಾಬರಿಯಾದರು. ಅದು 2001ರಲ್ಲಿಯೇ ವಿಜ್ಞಾನಿಗಳು ಗುರುತಿಸಿದ್ದ ಹಳೆಯ ಪರಿಚಿತವೆಂದು ತಿಳಿದ ಮೇಲೆ ಗಾಬರಿ ಇಳಿಯಿತು. ಮಾದರಿಯ ಉಪಯೋಗ ಇದೇ: ಭಯಕ್ಕೆ ಕಾರಣವಿದ್ದರೆ ಎಚ್ಚರಿಸುತ್ತದೆ, ಇಲ್ಲದಿದ್ದರೆ ಸಮಾಧಾನ ಹೇಳುತ್ತದೆ.

ಪ್ರಯೋಗಶಾಲೆಯಲ್ಲಿ ನಡೆಯುವುದೂ ಸೋಜಿಗವೇ. ವೈರಸಿನ ಆರ್.ಎನ್.ಎ.ಯನ್ನು ಮೊದಲು ಡಿ.ಎನ್.ಎ. ಆಗಿ ಮಾರ್ಪಡಿಸಿ, ಅದನ್ನು ಸುತ್ತುಸುತ್ತಿಗೂ ಇಮ್ಮಡಿಸುತ್ತ ಹೋಗುತ್ತಾರೆ. ನಮ್ಮ ತರುಣ ವಾಚಕರು ಲೆಕ್ಕ ಹಾಕಿ ನೋಡಲಿ: ಒಂದು ತುಣುಕು ಮೂವತ್ತು ಸಲ ಇಮ್ಮಡಿಸಿದರೆ ನೂರು ಕೋಟಿಯನ್ನು ದಾಟುತ್ತದೆ. ಕಾಣದಷ್ಟು ಅಲ್ಪವಾದುದು ಹೀಗೆ ಕಾಣುವಂತಾಗುತ್ತದೆ. ಇದೇ ಪಿ.ಸಿ.ಆರ್. ಪರೀಕ್ಷೆ.

ಇನ್ನು ತಾಯಂದಿರ ಆಕ್ಷೇಪಗಳಿಗೆ ಬರೋಣ. ಕಡ್ಡಿ ಮಿದುಳಿಗೆ ತಾಗೀತೆಂಬ ಭಯ ಮೊದಲನೆಯದು. ಆಳದ ಮಾದರಿಯನ್ನು ತೆಗೆಯುವಾಗಲೂ ಕಡ್ಡಿ ಸಾಗುವುದು ಮೇಲಕ್ಕಲ್ಲ. ಅಂಗುಳಿಗೆ ಸಮಾಂತರವಾಗಿ, ಕಿವಿಯ ದಿಕ್ಕಿಗೆ, ಹೊಳ್ಳೆಯಿಂದ ಕಿವಿಯವರೆಗಿನ ದೂರದ ಸುಮಾರು ಅರ್ಧದಷ್ಟು. ತಿಳಿದವರ ಕೈಯಲ್ಲಿ ಕೆಲವು ಸೆಕೆಂಡುಗಳ ಕೆಲಸ. ಕಣ್ಣಲ್ಲಿ ನೀರು ಬರುತ್ತದೆ, ಮಗು ಅಳುತ್ತದೆ, ಅದನ್ನು ಮುಚ್ಚಿಡಬೇಕಾದುದಿಲ್ಲ. ಹೊಳ್ಳೆಯ ಮುಂಭಾಗವನ್ನಷ್ಟೆ ಸವರುವ ಕ್ರಮವೂ ಉಂಟು. ವೈರಸನ್ನು ಹಿಡಿಯುವುದರಲ್ಲಿ ಅದು ತುಸು ಹಿಂದಾದರೂ ಕೂಸಿಗೆ ಹಿಂಸೆ ಬಹಳ ಕಡಿಮೆ. ಊರಿನ ಸ್ಥಿತಿಯನ್ನು ಅರಿಯಲಿಕ್ಕೆ ಇಷ್ಟು ಸಾಕಾಗುವಲ್ಲಿ ಆಳಕ್ಕೆ ಹೋಗುವುದು ಅನಾವಶ್ಯಕವೆಂದು ನಮ್ಮ ಮತ. ಕೂಸು ತಾಯಿಯ ತೊಡೆಯ ಮೇಲೆಯೇ, ಅವಳ ಎದೆಗೆ ತಲೆಯಾನಿಸಿ ಕುಳಿತಿರಲಿ. ಅಪರಿಚಿತರು ಕೈಕಾಲು ಬಿಗಿಹಿಡಿಯುವುದು ಸಲ್ಲದು.

ಎರಡನೆಯ ಭಯಕ್ಕೆ ಬೇರು 2020 ಮತ್ತು 2021ರಲ್ಲಿದೆ. ಕೋವಿಡ್ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡವರನ್ನು ಮನೆಯಿಂದ ಬೇರ್ಪಡಿಸಿದ ನೆನಪು ಹಳ್ಳಿಗಳಲ್ಲಿ ಮಾಸಿಲ್ಲ. ಫ್ಲೂ ಪರೀಕ್ಷೆಗೆ ಆ ಕಟ್ಟಳೆ ಇಲ್ಲವೆಂದು ಮೊದಲೇ ಬಿಡಿಸಿ ಹೇಳಬೇಕು.

ಮೂರನೆಯ ಆಕ್ಷೇಪವೇ ಮುಖ್ಯವಾದುದು: ‘ಪರೀಕ್ಷೆಯಿಂದ ನಮ್ಮ ಮಗುವಿಗೆ ಏನು ಬಂತು?’ ಪ್ರಾಮಾಣಿಕವಾದ ಉತ್ತರವೆಂದರೆ, ಸೌಮ್ಯ ಜ್ವರದ ಮಗುವಿಗೆ ಅದರಿಂದ ಬರುವುದು ಸ್ವಲ್ಪವೇ. ಕೇಂದ್ರ ಆರೋಗ್ಯ ಇಲಾಖೆಯ ಎಚ್1ಎನ್1 ಮಾರ್ಗಸೂಚಿಯೂ ಸೌಮ್ಯ ರೋಗಿಗಳಿಗೆಲ್ಲ ಪರೀಕ್ಷೆ ಬೇಕೆನ್ನಲಿಲ್ಲ. ಏದುಸಿರು ಬಿಡುವ, ಎದೆಗುಂಡಿ ಒಳಕ್ಕೆ ಸೆಳೆಯುವ, ಹಾಲು ಕುಡಿಯಲೊಲ್ಲದ ಕೂಸನ್ನು ಒಡನೆ ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿ ಚಿಕಿತ್ಸೆ ವರದಿಗಾಗಿ ಕಾಯತಕ್ಕುದಲ್ಲ. ಉಳಿದಂತೆ, ಆಯ್ದ ಕೆಲವು ಮಕ್ಕಳ ಮಾದರಿಯಿಂದ ಲಾಭ ಹೊಂದುವುದು ಊರು, ನಾಡು, ಕಡೆಗೆ ಲೋಕ. ಪ್ರತಿ ಫೆಬ್ರವರಿ ಮತ್ತು ಸೆಪ್ಟೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಮುಂದಿನ ಫ್ಲೂ ಲಸಿಕೆಯಲ್ಲಿ ಯಾವ ಯಾವ ಬಗೆಗಳಿರಬೇಕೆಂದು ಸೂಚಿಸುವುದು ಇಂಥ ಮಾದರಿಗಳ ಆಧಾರದಿಂದಲೇ.

ಹಾಗಾದರೆ ಕೂಸು ಅತ್ತು ಕೊಟ್ಟದ್ದು ದಾನವೆಂದಾಯಿತು. ದಾನ ಪಡೆದವರಿಗೆ ಋಣವುಂಟು. ಆ ಋಣ ತೀರುವುದು ಮೂರು ಬಗೆಯಿಂದ ಎಂದು ನಾವು ಭಾವಿಸುತ್ತೇವೆ.

ಮೊದಲನೆಯದು, ಮಾದರಿ ಕೆಡಬಾರದು. ಜ್ವರ ಬಂದ ಮೂರು ನಾಲ್ಕು ದಿನಗಳೊಳಗೆ, ಕೃತಕ ನಾರಿನ ಕಡ್ಡಿಯಿಂದ ತೆಗೆದು, ವೈರಸನ್ನು ಕಾಪಾಡುವ ದ್ರಾವಣದಲ್ಲಿಟ್ಟು, 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಮೂರು ದಿನಗಳೊಳಗೆ ಪ್ರಯೋಗಶಾಲೆಗೆ ಮುಟ್ಟಿಸಬೇಕು. ಹಡಗಲಿ, ಹರಪನಹಳ್ಳಿಗಳಿಂದ ಬಳ್ಳಾರಿಯ ವೈದ್ಯಕೀಯ ಕಾಲೇಜಿಗೆ ನೂರು ಕಿಲೋಮೀಟರಿಗೂ ಮಿಗಿಲಾದ ದಾರಿ. ಏಪ್ರಿಲಿನ ಬಿಸಿಲಿನಲ್ಲಿ ಜೀಪಿನ ಸೀಟಿನ ಮೇಲೆ ಮರೆತ ಸೀಸೆ ಸುಳ್ಳು ಹೇಳುತ್ತದೆ. ಇದ್ದ ವೈರಸನ್ನು ಇಲ್ಲವೆನ್ನುತ್ತದೆ. ಪೋಲಿಯೋ ಲಸಿಕೆಯನ್ನು ಕಟ್ಟಕಡೆಯ ತಾಂಡಾದವರೆಗೂ ತಂಪಿನಲ್ಲಿ ಒಯ್ಯಬಲ್ಲ ನಾಡಿಗೆ, ಬೇರೆಯದೇ ಒಂದು ಶೀತಪೆಟ್ಟಿಗೆಯಲ್ಲಿ ಮಾದರಿಯನ್ನು ಹಿಂದಕ್ಕೆ ತರುವುದು ಅಸಾಧ್ಯವೆ?

ಎರಡನೆಯದು, ಕೇಳಿ ಪಡೆಯಬೇಕು. ಏಕೆ, ಹೇಗೆ ಎಂಬುದನ್ನು ತಾಯಿಯ ಮಾತಿನಲ್ಲಿಯೇ, ತಾಂಡಾದಲ್ಲಾದರೆ ಲಂಬಾಣಿಯಲ್ಲಿ, ಹೇಳಿ ಒಪ್ಪಿಗೆ ಪಡೆಯಬೇಕು. ಬೇಡವೆಂದರೆ ಮಗುವಿನ ಚಿಕಿತ್ಸೆಗೆ ಕುಂದು ಬರಕೂಡದು.

ಮೂರನೆಯದು, ಉತ್ತರ ಮರಳಬೇಕು. ಮಾದರಿ ಪಟ್ಟಣಕ್ಕೆ ಹೋಗಿ ಅಂಕಿಯಾಗಿ ಉಳಿದು, ತಾಯಿಗೆ ಒಂದು ಮಾತೂ ಬಾರದಿದ್ದರೆ ಮುಂದಿನ ಸಲ ಅವಳು ಬಾಗಿಲು ಮುಚ್ಚಿದರೆ ತಪ್ಪು ಅವಳದಲ್ಲ. ಆಶಾ ಕಾರ್ಯಕರ್ತೆಯ ಮೂಲಕ ಮನೆಗೆ ಫಲಿತಾಂಶ ಮುಟ್ಟಲಿ. ಈ ವಾರ ಊರಿನಲ್ಲಿ ಯಾವ ಜ್ವರ ಹರಡಿದೆ, ಮಗುವನ್ನು ಎಷ್ಟು ದಿನ ಅಂಗನವಾಡಿಗೆ ಕಳುಹಿಸಬಾರದು, ವೈರಸಿನ ಬೇನೆಗೆ ಆಂಟಿಬಯಾಟಿಕ್ ಏಕೆ ನಾಟದು ಎಂಬ ನಾಲ್ಕು ಸಾಲು ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಕನ್ನಡದಲ್ಲಿ ಕಾಣಲಿ.

ಈ ಸೀಮೆಯ ಪ್ರೌಢಶಾಲೆ, ಕಾಲೇಜುಗಳಲ್ಲಿ ಓದುತ್ತಿರುವ ವಿದ್ಯಾರ್ಥಿಗಳು ಇಲ್ಲಿ ಮಾಡಬಹುದಾದುದು ಬಹಳವಿದೆ. ಮನೆಯಲ್ಲಿ ತಮ್ಮನಿಗೋ ತಂಗಿಗೋ ಜ್ವರ ಬಂದಾಗ ಕಡ್ಡಿ ಎಲ್ಲಿಗೆ ಹೋಗುತ್ತದೆ, ಎಲ್ಲಿಗೆ ಹೋಗುವುದಿಲ್ಲ ಎಂಬುದನ್ನು ಅಜ್ಜಿಗೆ ಬಿಡಿಸಿ ಹೇಳಬಲ್ಲವರು ಅವರೇ. ಮಾದರಿ ಕೊಟ್ಟು ವಾರ ಕಳೆದರೂ ವರದಿ ಬಾರದಿದ್ದರೆ, ‘ನಮ್ಮ ಮಗುವಿನ ಫಲಿತಾಂಶವೇನಾಯಿತು?’ ಎಂದು ಆರೋಗ್ಯ ಕೇಂದ್ರದಲ್ಲಿ ವಿನಯದಿಂದ, ಆದರೆ ಬಿಡದೆ ಕೇಳಬಲ್ಲವರೂ ಅವರೇ. ಅಂಥ ಪ್ರಶ್ನೆಗಳು ಹೆಚ್ಚಿದಷ್ಟೂ ವಿಜ್ಞಾನ ನಮ್ಮ ಹಳ್ಳಿಗಳಿಗೆ ಹತ್ತಿರವಾದೀತು.