ಮೂರನೆಯ ಕಾಲದ ಅವಸರ

ಕಳೆದ ಆಷಾಢದಲ್ಲಿ ಹೊಸನಗರದಿಂದ ನನ್ನ ತಂಗಿಯ ಮಗಳು ದೂರವಾಣಿ ಮಾಡಿ, "ಮಾವ, ಇವನ ಗಿಟಾರನ್ನು ಮಾರಿಬಿಡುತ್ತೇನೆ. ನೀವೊಮ್ಮೆ ಬಂದು ಹೇಳಿದರೆ ಕೇಳಿಯಾನು" ಎಂದಳು. ಸಾಗರದ ಕಾಲೇಜಿನಲ್ಲಿ ಓದುವ ಅವಳ ಮಗ ತೀರ್ಥಹಳ್ಳಿಯ ಗೆಳೆಯರ ವಾದ್ಯಗೋಷ್ಠಿಗೆ ಸೇರಿದ್ದ. ಎಳ್ಳಮಾವಾಸ್ಯೆಯ ಜಾತ್ರೆಯ ಹೊತ್ತಿಗೆ ವೇಗದ ಹಾಡುಗಳನ್ನು ನುಡಿಸಲೇಬೇಕೆಂದು ದಿನಕ್ಕೆ ನಾಲ್ಕು ತಾಸು ಕುಳಿತು, ಬಲಗೈ ಮಣಿಕಟ್ಟಿನ ನೋವಿನಿಂದ ಲೇಖನಿಯನ್ನೂ ಹಿಡಿಯಲಾರದವನಾಗಿದ್ದ. ವೈದ್ಯರು ಎರಡು ವಾರ ವಿಶ್ರಾಂತಿ ಹೇಳಿದ್ದರೆ, ಇವನು ನಾಲ್ಕನೆಯ ದಿನವೇ ವಾದ್ಯವನ್ನು ಮತ್ತೆ ಎತ್ತಿಕೊಂಡಿದ್ದ. ಪರೀಕ್ಷೆಯೂ ಸಮೀಪಿಸಿತ್ತು.

ಬೇಸ್ ಗಿಟಾರನ್ನು ನಾನು ಹತ್ತಿರದಿಂದ ಕಂಡದ್ದು ಅಂದೇ. ಸಾಮಾನ್ಯ ಗಿಟಾರಿಗೆ ಆರು ತಂತಿಗಳಾದರೆ ಇದಕ್ಕೆ ಬಹುಮಟ್ಟಿಗೆ ನಾಲ್ಕೇ. ನಮ್ಮ ವೀಣೆಯಲ್ಲಿಯೂ ಸ್ವರ ನುಡಿಸುವ ತಂತಿಗಳು ನಾಲ್ಕಷ್ಟೆ, ಉಳಿದ ಮೂರು ತಾಳಕ್ಕೆ. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಹೊರತಂದ ವಾದ್ಯದಿಂದ ಇದು ಲೋಕದಲ್ಲಿ ಪ್ರಚಾರಕ್ಕೆ ಬಂದಿತು. ಅದಕ್ಕೂ ಮೊದಲು ಆಳೆತ್ತರದ ಡಬಲ್ ಬೇಸನ್ನು ಹೊತ್ತು ತಿರುಗಬೇಕಾಗಿತ್ತು. ಇದರ ಅತಿ ಮಂದ್ರದ ತಂತಿ ಸೆಕೆಂಡಿಗೆ ಸುಮಾರು 41 ಸಲ ಮಾತ್ರ ಕಂಪಿಸುತ್ತದೆ. ವಿದ್ಯುತ್ತಿಲ್ಲದಿದ್ದರೆ ಆ ದನಿ ಪಕ್ಕದ ಕೋಣೆಗೂ ತಲುಪದು. (ನೆರೆಮನೆಯವರಿಗೆ ಮಲೆನಾಡಿನ ಮಳೆಗಾಲ ವರವೇ ಸರಿ.)

ರೋಗದ ಮೂಲವಿದ್ದದ್ದು ಅಲ್ಲಿಯೇ. ಗಾಳಿಮಳೆಗೆ ಕರೆಂಟು ಹೋದಾಗಲೆಲ್ಲ ಹುಡುಗ ತನ್ನ ದನಿ ತನಗೆ ಕೇಳಿಸಲೆಂದು ತಂತಿಯನ್ನು ಬಲವಾಗಿ ಎಳೆಯುತ್ತಿದ್ದ. ಹೆಂಚಿನ ಮೇಲಿನ ಮಳೆಯ ಸದ್ದು ಬೇರೆ. ಬಿಗಿದ ಕೈಯಿಂದಲೇ ವೇಗ ಸಾಧಿಸಹೊರಟರೆ ಮಣಿಕಟ್ಟು ಎಷ್ಟು ದಿನ ತಾಳೀತು?

ಗಿಟಾರಿನ ಮರದ ಅಂಚನ್ನು ಮಂಚಕ್ಕೆ ತಾಗಿಸಿ ಮೆಲ್ಲನೆ ಮೀಟೆಂದೆ. ಮಂಚದ ಹಲಗೆಯೇ ಕಂಪಿಸಿ ದನಿ ಸ್ಪಷ್ಟವಾಯಿತು. "ಅಜ್ಜ, ಇದು ನಿಮಗೆ ಹೇಗೆ ಗೊತ್ತು?" ಎಂದ. ಮರಕ್ಕೆ ಮರ ತಾಗಿದರೆ ನಾದ ಹಬ್ಬುವುದೆಂಬುದನ್ನು ವೀಣೆ ಹಿಡಿದವರೆಲ್ಲ ಬಲ್ಲರು.

ಮಠದ ಪಾಠಶಾಲೆಯಲ್ಲಿ ವ್ಯಾಕರಣದೊಂದಿಗೆ ನಾನು ಮೂರು ವರ್ಷ ವೀಣೆಯನ್ನೂ ಕಲಿತಿದ್ದೆ. ಸರಳೆ ವರಸೆಯನ್ನು ಮೊದಲನೆಯ ಕಾಲದಲ್ಲಿ ಗಟ್ಟಿಮಾಡಿಕೊಂಡು ಎರಡಕ್ಕೆ, ಬಳಿಕ ಮೂರಕ್ಕೆ ಹೋಗುವುದು ಕ್ರಮ. ಸಹಪಾಠಿಯೊಬ್ಬನನ್ನು ಮೀರಿಸುವ ಚಪಲದಿಂದ ನಾನು ನೇರವಾಗಿ ಮೂರಕ್ಕೆ ಹಾರಿದೆ. ಸ್ವರಗಳು ಒಂದನ್ನೊಂದು ತುಳಿದವು. ಆ ದುರಭ್ಯಾಸ ಬೆರಳಿಗಂಟಿ, ಬಿಡಿಸಿಕೊಳ್ಳಲಾರದೆ, ಕೊನೆಗೆ ವೀಣೆಯನ್ನೇ ಬಿಟ್ಟೆ. ಇದನ್ನು ಹುಡುಗನ ಮುಂದೆ ಒಪ್ಪಿಕೊಂಡಾಗ ಅವನು ನಗಲಿಲ್ಲ.

ನೋವು ಪೂರ್ಣ ಅಡಗುವವರೆಗೆ ವಾದ್ಯವನ್ನು ಮುಟ್ಟಬಾರದೆಂಬುದು ನಮ್ಮ ಮೊದಲ ಒಪ್ಪಂದ. ಅನಂತರದ್ದನ್ನು ಇಬ್ಬರೂ ಕೂಡಿಯೇ ನಿರ್ಧರಿಸಿದೆವು. ಬಲಗೈಯ ತೋರುಬೆರಳು, ನಡುಬೆರಳು ತಪ್ಪದೆ ಸರದಿಯಂತೆ ಮೀಟಬೇಕು; ವೀಣೆಯಲ್ಲಿಯೂ ಈ ಎರಡು ಬೆರಳುಗಳದೇ ಕೆಲಸ. ಎಡಗೈ ಬೆರಳು ಮೆಟ್ಟಿಗೆ ಒತ್ತಿಕೊಂಡಂತೆ, ಅದರ ಹಿಂದುಗಡೆಯೇ ಇಳಿದರೆ ಕಡಿಮೆ ಬಲ ಸಾಕು. ಆದರೆ ಬೇಸಿನ ಮೊದಲ ಮೆಟ್ಟಿನ ಅಗಲವೇ ಸುಮಾರು ಐದು ಸೆಂಟಿಮೀಟರು! ಅಲ್ಲಿ ಬೆರಳಿಗೊಂದು ಮೆಟ್ಟೆಂದು ಕೈ ಹಿಗ್ಗಿಸುವ ಬದಲು ತೋರುಬೆರಳು, ನಡುಬೆರಳು, ಕಿರುಬೆರಳುಗಳಿಂದ ಮೂರು ಮೆಟ್ಟು ಹಿಡಿದು ಕೈಯನ್ನೇ ಸರಿಸುವುದು ಲೇಸು. ಎತ್ತಿದ ಬೆರಳು ತಂತಿಯಿಂದ ದೂರ ಹಾರಬಾರದು. ದೂರ ಹೋದಷ್ಟೂ ಮರಳುವುದು ತಡವಲ್ಲವೇ? ಮೊಬೈಲಿನ ತಾಳಯಂತ್ರವನ್ನು ನಿಮಿಷಕ್ಕೆ 60 ಬಡಿತಕ್ಕಿಟ್ಟು, ಬಡಿತಕ್ಕೆರಡು ಸ್ವರ. ಮೂರು ದಿನ ತಪ್ಪಿಲ್ಲದೆ ಬಂದರೆ ನಾಲ್ಕು ಬಡಿತ ಏರಿಸುವುದು, ಸ್ವರ ಜಾರಿದರೆ ನಾಲ್ಕು ಇಳಿಸುವುದು. ಒಮ್ಮೆಗೆ ಇಪ್ಪತ್ತು ನಿಮಿಷ, ನಡುವೆ ಬಿಡುವು.

ಇಳಿಸುವುದೇ ಅವನಿಗೆ ಕಠಿಣವಾಯಿತು. 76ರಿಂದ 72ಕ್ಕೆ ಬಂದ ದಿನ ಊಟವನ್ನೇ ಬಿಟ್ಟನಂತೆ.

ಕಾರ್ತಿಕದಲ್ಲಿ ಮತ್ತೆ ಹೋದೆ. ಪರೀಕ್ಷೆ ಮುಗಿದಿತ್ತು, ನೋವು ಮರುಕಳಿಸಿರಲಿಲ್ಲ. 96ರಲ್ಲಿ ಜಂಟಿ ವರಸೆಯನ್ನು ಆ ಪರದೇಶಿ ವಾದ್ಯದ ಮೇಲೆ ನುಡಿಸಿ ತೋರಿಸಿದ. ಒಂದು ಸ್ವರವೂ ಮತ್ತೊಂದನ್ನು ತುಳಿಯಲಿಲ್ಲ. ಜಾತ್ರೆಯ ಹಾಡಿಗೆ 120 ಬೇಕು. ಅಷ್ಟು ಈ ವರ್ಷ ಆಗದೆಂದು ಗೆಳೆಯರಿಗೆ ತಾನೇ ತಿಳಿಸಿ, ಆ ಹಾಡನ್ನು ಕೈಬಿಡಿಸಿದ್ದ. ಅವನ ತಾಯಿ ಗಿಟಾರು ಮಾರುವ ಮಾತನ್ನು ಇನ್ನೂ ಆಡುತ್ತಾಳೆ. ಅಂದು ಮಾತ್ರ ಅಕ್ಕಿ ಆರಿಸುತ್ತ ಮಂಚದ ತುದಿಯಲ್ಲಿಯೇ ಕುಳಿತಿದ್ದಳು. ಕರೆಂಟು ಹೋದಾಗಲೂ ಏಳಲಿಲ್ಲ.