ಊರಲ್ಲಿ ನೋಡುವುದೇನಿದೆ?

ಧಾರವಾಡದಲ್ಲಿ ನೋಡತಕ್ಕದ್ದು ಏನಿದೆ ಎಂದು ಪರಸ್ಥಳದವರು ಕೇಳಿದರೆ ನನಗೆ ಸಿಟ್ಟಿಲ್ಲ. ಇಲ್ಲಿಯ ಕಾಲೇಜುಗಳಲ್ಲಿ ಪಾಠ ಹೇಳಿ ಸಂಬಳ ಎಣಿಸುವ ನನ್ನ ವೃತ್ತಿಬಾಂಧವರೇ ಬಂದ ಅತಿಥಿಗಳಿಗೆ, "ಊರಾಗ ಏನೈತ್ರಿ ಸರ, ಪೇಢೆ ತಗೊಂಡು ದಾಂಡೇಲಿ ಕಡೆ ಹೊಂಡ್ರಿ" ಎಂದು ಉಪದೇಶ ಮಾಡುತ್ತಾರಲ್ಲ, ನನ್ನ ತಕರಾರು ಅದಕ್ಕೆ. ಪೇಢೆಯ ಮೇಲೆ ನನಗೆ ವೈರವಿಲ್ಲ. ದಾಂಡೇಲಿಯ ಕಾಡೂ ಚೆಲುವಾದದ್ದೇ. ಆದರೆ ಒಂದು ಊರಿನ ಪ್ರೇಕ್ಷಣೀಯ ಸ್ಥಳಗಳ ಪಟ್ಟಿಯು ಆ ಊರು ಬಿಟ್ಟು ಹೋಗುವ ದಾರಿಗಳ ಪಟ್ಟಿಯಾಗಿಬಿಟ್ಟರೆ ಅದಕ್ಕಿಂತ ನಗೆಪಾಟಲು ಉಂಟೆ?

ವಿದ್ಯೆಯ ಊರನ್ನು ನೋಡುವ ಬಗೆಯೇ ಬೇರೆ. ಜೋಗದ ಎದುರಿಗೆ ಬಾಯಿ ತೆರೆದು ನಿಂತರೆ ಸಾಕು. ಇಲ್ಲಿ ಮೆಟ್ಟಿಲು ಹತ್ತಬೇಕು, ಕೂಡಬೇಕು, ನಾಲ್ಕು ಮಾತು ಕೇಳಬೇಕು. ಸುಭಾಸ ರಸ್ತೆಯ ಮನೋಹರ ಗ್ರಂಥಮಾಲೆಯ ಅಟ್ಟವನ್ನೇ ತೆಗೆದುಕೊಳ್ಳಿ. ಹೊರಗೆ ನಿಂತು ಫೋಟೋ ಹಿಡಿಯುವಂಥ ಚೆಂದವೇನೂ ಅದಕ್ಕಿಲ್ಲ. 1933ರಲ್ಲಿ ಆರಂಭವಾಗಿ, ಜಿ. ಬಿ. ಜೋಶಿಯವರ ಕೈಯಲ್ಲಿ ಬೆಳೆದ ಆ ಗ್ರಂಥಮಾಲೆ 1961ರಲ್ಲಿ ಗಿರೀಶ ಕಾರ್ನಾಡರ 'ಯಯಾತಿ'ಯನ್ನೂ 1965ರಲ್ಲಿ ಅನಂತಮೂರ್ತಿಯವರ 'ಸಂಸ್ಕಾರ'ವನ್ನೂ ಹೊರತಂದಿತು. ತರಗತಿಯಲ್ಲಿ ಈ ಎರಡರ ಮೇಲೆ ಪುಟಗಟ್ಟಲೆ ಟಿಪ್ಪಣಿ ಬರೆಸುತ್ತೇವೆ. ಅವನ್ನು ಲೋಕಕ್ಕೆ ಕೊಟ್ಟ ಅಟ್ಟ ಇದೇ ಊರಿನಲ್ಲಿದೆ, ಹೋಗಿ ಬಾ ಎಂದು ಮಾತ್ರ ಹೇಳುವುದಿಲ್ಲ.

ಕರ್ನಾಟಕ ಕಾಲೇಜಿನ ಕಥೆಯೂ ಹೀಗೆಯೇ. 1917ರಲ್ಲಿ ಹುಟ್ಟಿದ ಆ ಕಾಲೇಜಿನ ಕಟ್ಟಡ ಅದಕ್ಕೆ ಮೊದಲು ದಕ್ಷಿಣ ಮರಾಠಾ ರೈಲ್ವೆಯ ಕಚೇರಿಯಾಗಿತ್ತು. ರೈಲಿನ ಲೆಕ್ಕ ಬರೆದ ಕೋಣೆಗಳಲ್ಲಿ ಪಂಪನನ್ನು ಓದುತ್ತಿದ್ದೇವೆಂದು ಎಷ್ಟು ಹುಡುಗರಿಗೆ ಗೊತ್ತು? ಈ ಸೀಮೆಯಲ್ಲಿ ಮರಾಠಿಯದೇ ಮೇಲುಗೈಯಾಗಿದ್ದ ಕಾಲಕ್ಕೆ, 1890ರಲ್ಲಿ, ಕನ್ನಡಕ್ಕಾಗಿ ಕಟ್ಟಿದ ವಿದ್ಯಾವರ್ಧಕ ಸಂಘವನ್ನು ಅವರು ಬಲ್ಲದ್ದು ಸಭೆಯ ಬ್ಯಾನರಿನಲ್ಲಿ ಮಾತ್ರ.

ಒಂದು ಕಾಲೇಜಿನವರು ಇತಿಹಾಸದ ವಿದ್ಯಾರ್ಥಿಗಳನ್ನು ಅಧ್ಯಯನ ಪ್ರವಾಸವೆಂದು ಎರಡು ರಾತ್ರಿ ಬಸ್ಸಿನಲ್ಲಿ ಕುಕ್ಕಿ ಕರೆದೊಯ್ದು, ನೀರಿನಾಟದ ಉದ್ಯಾನವೊಂದನ್ನು ತೋರಿಸಿ ತಂದರು. 1939ರಲ್ಲಿ ಸ್ಥಾಪನೆಯಾಗಿ ಇಂದು ವಿಶ್ವವಿದ್ಯಾಲಯದ ಗುಡ್ಡದ ಮೇಲಿರುವ ಕನ್ನಡ ಸಂಶೋಧನ ಸಂಸ್ಥೆಯ ವಸ್ತುಸಂಗ್ರಹಾಲಯದೊಳಕ್ಕೆ ಆ ಮಕ್ಕಳು ಕಾಲಿಟ್ಟವರಲ್ಲ. ಉಣಕಲ್ಲಿನಲ್ಲಿ ಮನೆಗಳ ನಡುವೆ ಸಿಕ್ಕಿಕೊಂಡು ನಿಂತ, ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ಗುಡಿಯೂ ಅವರ ಪಟ್ಟಿಯಲ್ಲಿರಲಿಲ್ಲ. ಚಿಗರಿ ಬಸ್ಸಿನಲ್ಲಿ ಆ ದಾರಿಯಲ್ಲೇ ದಿನವೂ ಹಾಯುವವರು ಕೆರೆಯ ನಡುವಿನ ವಿವೇಕಾನಂದರ ಮೂರ್ತಿಯನ್ನು ಬಲ್ಲರು, ಗುಡಿಯನ್ನರಿಯರು.

ಬೇಂದ್ರೆಯವರ ಸಾಧನಕೇರಿ, ಮಲ್ಲಿಕಾರ್ಜುನ ಮನ್ಸೂರರ 'ಮೃತ್ಯುಂಜಯ' ಇವೆಯಲ್ಲ, ಸ್ಮಾರಕಗಳಾಗಿವೆಯಲ್ಲ ಎನ್ನುವವರುಂಟು. ಇವೆ, ಸಂತೋಷ. ಆದರೆ ಹಾಡುಗಾರನ ಮನೆಗೆ ಹೋಗಿ ಗೋಡೆಯ ಪಟಕ್ಕೆ ಕೈಮುಗಿದು, ಅವರ ದನಿಯಲ್ಲಿ ಅರ್ಧ ತಾಸಿನ ಒಂದು ರಾಗವನ್ನೂ ಕೇಳದೆ ಮರಳುವವರು ಏನು ನೋಡಿದಂತಾಯಿತು? ಪುತ್ಥಳಿಗೆ, ಕಾರಂಜಿಗೆ ಹಣ ಹುಡುಕುವ ಮಹಾಶಯರು, ಬಂದವರಿಗೆ ಅರಿತು ಹೇಳುವ ಒಬ್ಬ ಮನುಷ್ಯನ ಸಂಬಳಕ್ಕೆ ಏಕೆ ಹಿಂದೆಗೆಯುತ್ತಾರೆ?

ಪಠ್ಯ ಮುಗಿಯುವುದೇ ಕಷ್ಟ, ಇದಕ್ಕೆಲ್ಲ ವೇಳೆ ಎಲ್ಲಿ ಎಂಬುದು ಕೊನೆಯ ಆಕ್ಷೇಪ. ಪ್ರವಾಸಕ್ಕೆ ಮೂರು ದಿನ ಸಿಕ್ಕವರಿಗೆ ಊರಿಗೆ ಒಂದು ಶನಿವಾರ ಸಿಗುವುದಿಲ್ಲವೆ? ಹೊಸದಾಗಿ ಸೇರಿದ ಹುಡುಗ ಹುಡುಗಿಯರನ್ನು ಮೊದಲ ತಿಂಗಳಿನಲ್ಲೇ ಕಾಲ್ನಡಿಗೆಯಲ್ಲಿ ಹೊರಡಿಸಲಿ. ಬಸ್ಸಿನ ಬಾಡಿಗೆಯೂ ಉಳಿದೀತು. ಹಾಜರಿಯದೇ ಚಿಂತೆಯಾದರೆ, ಶಾಲ್ಮಲೆ ಹುಟ್ಟುವ ಸೋಮೇಶ್ವರದ ಗುಡಿಯ ಮುಂದೆ ನಿಂತು ಹೆಸರು ಕೂಗಲಿ.