ಮಲ್ಲಕಂಬದ ಮಕ್ಕಳೂ ವಾರದ ಲೆಕ್ಕವೂ

ಜಾತ್ರೆಯ ವೇದಿಕೆಯ ಮುಂದೆಯಾಗಲಿ, ಶಾಲೆಯ ಸ್ನೇಹಸಮ್ಮೇಳನದ ಸಂಜೆಯಲ್ಲಾಗಲಿ ಮಲ್ಲಕಂಬದ ಪ್ರದರ್ಶನ ಆರಂಭವಾಯಿತೆಂದರೆ ಜನಸ್ತೋಮ ನಿಶ್ಶಬ್ದವಾಗುತ್ತದೆ. ಹತ್ತು ಹನ್ನೆರಡು ವರ್ಷದ ಬಾಲಕನೊಬ್ಬ ಔಡಲ ಎಣ್ಣೆ ಸವರಿದ ಕಂಬವನ್ನು ಕ್ಷಣಾರ್ಧದಲ್ಲಿ ಏರಿ, ತುದಿಯಲ್ಲಿ ತಲೆಕೆಳಗಾಗಿ ನಿಂತು ಕೈ ಮುಗಿದಾಗ ಚಪ್ಪಾಳೆಯ ಸುರಿಮಳೆಯಾಗುತ್ತದೆ. ದಾನಿಗಳು ಸ್ಥಳದಲ್ಲಿಯೇ ಬಹುಮಾನ ಘೋಷಿಸುತ್ತಾರೆ. ಮರುದಿನ ಪತ್ರಿಕೆಯಲ್ಲಿ ಭಾವಚಿತ್ರ ಬರುತ್ತದೆ. ಇದೆಲ್ಲವೂ ಸಂತೋಷದ ಸಂಗತಿಯೇ. ಆದರೆ ಆ ಬಾಲಕ ಕಳೆದ ವಾರ ಎಷ್ಟು ತಾಸು ಸಾಧನೆ ಮಾಡಿದ, ಯಾವ ದಿನ ವಿಶ್ರಮಿಸಿದ, ಮುಂದಿನ ವಾರ ಏನು ಮಾಡುತ್ತಾನೆ ಎಂಬ ಪ್ರಶ್ನೆಯನ್ನು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಈ ಪ್ರಶ್ನೆಯನ್ನು ಇಂದು ಶಿಕ್ಷಕ ಬಂಧುಗಳ, ಹಳೆಯ ವಿದ್ಯಾರ್ಥಿಗಳ ಹಾಗೂ ದಾನಿಗಳ ಮುಂದಿಡಬೇಕೆಂಬುದೇ ಈ ಲೇಖನದ ಉದ್ದೇಶ.

ಮಲ್ಲಕಂಬ ನಮಗೆ ಹೊರಗಿನಿಂದ ಬಂದ ವಿದ್ಯೆಯಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದಿಂದ ರಾಜ್ಯವಾಳಿದ ಚಾಲುಕ್ಯ ದೊರೆ 3ನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿಯೇ ಮಲ್ಲಸ್ತಂಭದ ಉಲ್ಲೇಖವಿದೆ. ಮುಂದೆ ಕೆಲವೇ ದಶಕಗಳಲ್ಲಿ ಬಸವಾದಿ ಶರಣರು ನೆರೆದದ್ದು ಅದೇ ಕಲ್ಯಾಣದಲ್ಲಿ. ಆ ಚಾಲುಕ್ಯರ ಕಾಲದ ಗುಡಿಗಳು ನಮ್ಮ ಸೂಡಿಯಲ್ಲಿ ಇಂದಿಗೂ ನಿಂತಿವೆ. ನಡುವೆ ಮರೆಯಾಗಿದ್ದ ಈ ಕಲೆಗೆ 19ನೆಯ ಶತಮಾನದ ಆರಂಭದಲ್ಲಿ ಮರುಜೀವ ಕೊಟ್ಟವರು 2ನೆಯ ಬಾಜೀರಾವ್ ಪೇಶ್ವೆಯ ವ್ಯಾಯಾಮಗುರು ಬಾಳಂಭಟ್ಟದಾದಾ ದೇವಧರರು. ನಮ್ಮ ನೆರೆಯ ಹೂವಿನಶಿಗ್ಲಿಯ ವಿರಕ್ತಮಠದಂಥ ಮಠಗಳ ಗುರುಕುಲಗಳು ಇದನ್ನು ಪೋಷಿಸಿಕೊಂಡು ಬಂದಿವೆ. 2022ರ ಜೂನ್ ತಿಂಗಳಲ್ಲಿ ಹರಿಯಾಣದ ಪಂಚಕುಲದಲ್ಲಿ ನಡೆದ ಖೇಲೋ ಇಂಡಿಯಾ ಯುವ ಕ್ರೀಡಾಕೂಟದಲ್ಲಿಯೂ, ಅದೇ ವರ್ಷ ಗುಜರಾತಿನಲ್ಲಿ ನಡೆದ ರಾಷ್ಟ್ರೀಯ ಕ್ರೀಡಾಕೂಟದಲ್ಲಿಯೂ ಮಲ್ಲಕಂಬಕ್ಕೆ ಸ್ಪರ್ಧೆಯ ಸ್ಥಾನ ದೊರೆಯಿತು. ಪ್ರದರ್ಶನದ ಕಲೆಯಾಗಿದ್ದುದು ಈಗ ಸ್ಪರ್ಧೆಯ ಕ್ರೀಡೆಯಾಗಿದೆ. ಆದುದರಿಂದಲೇ ಸಾಧನೆಯ ವೇಳೆಯನ್ನು ಕುರಿತು ಶಿಸ್ತಿನಿಂದ ಯೋಚಿಸುವ ಹೊಣೆ ನಮ್ಮ ಮೇಲೆ ಬಿದ್ದಿದೆ.

ರೋಣ, ನರಗುಂದ, ಗಜೇಂದ್ರಗಡ ಈ ಮೂರು ತಾಲೂಕುಗಳ ಶಾಲೆಗಳಲ್ಲಿ ನಾನು ಕಂಡ ಪದ್ಧತಿಯನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಜೂನ್ ತಿಂಗಳಿನಿಂದ ಡಿಸೆಂಬರ್‌ವರೆಗೆ ಕಂಬ ಮೂಲೆಯಲ್ಲಿ ಒಣಗುತ್ತ ನಿಂತಿರುತ್ತದೆ. ಆಟದ ಪಿರಿಯಡ್ಡು ಗಣಿತಕ್ಕೋ ಇಂಗ್ಲೀಷಿಗೋ ಸಾಲವಾಗಿ ಹೋಗುತ್ತದೆ. ಆ ಸಾಲ ಮರಳಿ ಬಂದದ್ದನ್ನು ನಾನು ಕಂಡಿಲ್ಲ. ಸಮ್ಮೇಳನಕ್ಕೆ ಹದಿನೈದು ದಿನ ಉಳಿಯಿತೆಂದಾಗ ಒಮ್ಮೆಲೇ ಎಚ್ಚರವಾಗುತ್ತದೆ. ಆಗ ಬೆಳಗ್ಗೆ ಎರಡು ತಾಸು, ಸಂಜೆ ಮೂರು ತಾಸು, ರವಿವಾರವೂ ಬಿಡುವಿಲ್ಲ. ಪ್ರದರ್ಶನ ಮುಗಿದ ಮರುದಿನ ಕಂಬ ಮತ್ತೆ ಮೂಲೆ ಸೇರುತ್ತದೆ.

ಈ ತಪ್ಪನ್ನು ನಾನೂ ಮಾಡಿದವನು. ದೈಹಿಕ ಶಿಕ್ಷಕನಾಗಿ ಸೇವೆಗೆ ಸೇರಿದ ಆರಂಭದ ದಿನಗಳಲ್ಲಿ ಒಂದು ಊರಿನ ಜಾತ್ರೆಗಾಗಿ ಹುಡುಗರನ್ನು ಹನ್ನೆರಡು ದಿನ ಬಿಡದೆ ದುಡಿಸಿದೆ. ಪ್ರದರ್ಶನದ ಹಿಂದಿನ ಸಂಜೆ, ಕತ್ತಲೆಯಾದ ಮೇಲೂ, ಇನ್ನೊಮ್ಮೆ ಏರು ಎಂದವನು ನಾನೇ. ದಣಿದ ಹುಡುಗನ ಹಿಡಿತ ತಪ್ಪಿತು. ಮುಂಗೈಯ ಎಲುಬು ಮುರಿಯಿತು. ಮರುದಿನ ಅವನ ತಂದೆ ನನ್ನನ್ನು ಬೈಯಲಿಲ್ಲ. “ನೀವು ಒಳ್ಳೇದಕ್ಕೇ ಮಾಡಿದ್ದೀರಿ, ಸರ್” ಎಂದು ಕೈ ಮುಗಿದರು. ಬೈದಿದ್ದರೆ ನಾನು ಮರೆತುಬಿಡುತ್ತಿದ್ದೆನೇನೋ. ಆ ಕೈ ಮುಗಿದದ್ದನ್ನು ಇಂದಿಗೂ ಮರೆತಿಲ್ಲ. ಆ ಹುಡುಗ ಕಂಬದಿಂದ ಬಿದ್ದನೆಂದು ಜನ ಹೇಳಿದರು. ನಾನು ಮಾತ್ರ ಅವನು ನನ್ನ ವೇಳಾಪತ್ರಿಕೆಯಿಂದ ಬಿದ್ದನೆಂದೇ ತಿಳಿದಿದ್ದೇನೆ.

ಬೆಳೆಯುವ ಮಕ್ಕಳ ಎಲುಬು ದೊಡ್ಡವರ ಎಲುಬಿನಂತಲ್ಲ. ಅದರ ತುದಿಗಳಲ್ಲಿ ಬೆಳವಣಿಗೆ ನಡೆಯುವ ಮೃದುವಾದ ಭಾಗವಿರುತ್ತದೆ. ಕೈಯ ಮೇಲೆ ಇಡೀ ದೇಹದ ಭಾರ ಹೊರುವ ಜಿಮ್ನಾಸ್ಟಿಕ್ಸ್, ಮಲ್ಲಕಂಬಗಳಲ್ಲಿ ಮಣಿಕಟ್ಟಿನ ಆ ಭಾಗಕ್ಕೆ ಮೇಲಿಂದ ಮೇಲೆ ಪೆಟ್ಟು ಬಿದ್ದರೆ ನೋವು ನೆಲೆಯೂರುತ್ತದೆ. ಅದಕ್ಕೆ ಮದ್ದು ಎಣ್ಣೆ ತಿಕ್ಕುವುದಲ್ಲ, ವಿಶ್ರಾಂತಿ. ಮಗುವಿಗೆ ಎಷ್ಟು ವರ್ಷ ವಯಸ್ಸೋ ವಾರಕ್ಕೆ ಅಷ್ಟು ತಾಸಿಗಿಂತ ಹೆಚ್ಚಾಗಿ ಒಂದೇ ಕ್ರೀಡೆಯ ವ್ಯವಸ್ಥಿತ ತರಬೇತಿ ಇರಬಾರದು, ವಾರದಲ್ಲಿ ಒಂದೆರಡು ದಿನ ಪೂರ್ಣ ಬಿಡುವು ಬೇಕು ಎಂಬ ಸೂತ್ರ ಕ್ರೀಡಾವೈದ್ಯರಲ್ಲಿ ಬಳಕೆಯಲ್ಲಿದೆ. ಸಮ್ಮೇಳನದ ಹದಿನೈದು ದಿನಗಳಲ್ಲಿ ನಾವು ಹತ್ತು ವರ್ಷದ ಮಗುವಿನಿಂದ ವಾರಕ್ಕೆ ಮೂವತ್ತು ತಾಸಿಗೂ ಮೀರಿ ದುಡಿಸುತ್ತೇವೆ. ಲೆಕ್ಕ ಬಲ್ಲವರು ಹೋಲಿಸಿ ನೋಡಲಿ.

ಜಗತ್ತು ಈ ಪಾಠವನ್ನು ಕಲಿತದ್ದು ನಿಧಾನವಾಗಿ. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ರುಮೇನಿಯಾದ ನಾದಿಯಾ ಕೊಮನೇಚಿ ಪೂರ್ಣ ಹತ್ತು ಅಂಕ ಪಡೆದಾಗ ಆಕೆಗೆ 14 ವರ್ಷ. ಅನಂತರ ಎಳೆಯ ಮಕ್ಕಳನ್ನೇ ದುಡಿಸುವ ಗೀಳು ಬೆಳೆಯಿತು. ಅದನ್ನು ತಡೆಯಲು ಅಂತಾರಾಷ್ಟ್ರೀಯ ಜಿಮ್ನಾಸ್ಟಿಕ್ಸ್ ಒಕ್ಕೂಟವು ಹಿರಿಯರ ವಿಭಾಗದಲ್ಲಿ ಸ್ಪರ್ಧಿಸುವ ಬಾಲಕಿಯರ ಕನಿಷ್ಠ ವಯಸ್ಸನ್ನು 1981ರಲ್ಲಿ 15ಕ್ಕೂ, 1997ರಲ್ಲಿ 16ಕ್ಕೂ ಏರಿಸಿತು. ಇತ್ತ ನಮ್ಮ ದೇಶದ ತ್ರಿಪುರಾದ ದೀಪಾ ಕರ್ಮಾಕರ್ 2016ರ ರಿಯೋ ಒಲಿಂಪಿಕ್ಸಿನ ವಾಲ್ಟ್ ಸ್ಪರ್ಧೆಯಲ್ಲಿ ನಾಲ್ಕನೆಯ ಸ್ಥಾನ ಪಡೆದಳು. ಅಗರ್ತಲಾದಲ್ಲಿ ಹಳೆಯ ಸ್ಕೂಟರಿನ ಬಿಡಿಭಾಗಗಳಿಂದ ಕಟ್ಟಿದ ಸಲಕರಣೆಯ ಮೇಲೆ ಕಲಿಯಲಾರಂಭಿಸಿದ ಹುಡುಗಿ ಆಕೆ. ಸಲಕರಣೆಯ ಕೊರತೆಯನ್ನು ವರ್ಷಗಟ್ಟಲೆಯ ಕ್ರಮಬದ್ಧ ಸಾಧನೆ ತುಂಬಿಕೊಟ್ಟಿತು. ಕ್ರಮದ ಕೊರತೆಯನ್ನು ಯಾವ ಸಲಕರಣೆಯೂ ತುಂಬಿಕೊಡಲಾರದು.

ಹಾಗಾದರೆ ಕ್ರಮ ಹೇಗಿರಬೇಕು? ಮೊದಲು ಒಂದು ತಾಲೀಮಿನ ಲೆಕ್ಕ ನೋಡೋಣ. ನಮ್ಮಲ್ಲಿ ಸಾಮಾನ್ಯವಾಗಿ ಇಪ್ಪತ್ನಾಲ್ಕು ಮಕ್ಕಳು, ಒಂದು ಕಂಬ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಒಂದೂವರೆ ತಾಸು ನಡೆಸಿದರೆ ಒಬ್ಬೊಬ್ಬರ ಪಾಲಿಗೆ ನಾಲ್ಕು ಮಿನಿಟೂ ಪೂರ್ತಿ ಬರುವುದಿಲ್ಲ. ಉಳಿದ ಎಂಬತ್ತಾರು ಮಿನಿಟು ಮಗು ನಿಂತಿರುತ್ತದೆ. ಮೈ ತಣ್ಣಗಾಗುತ್ತದೆ, ತಣ್ಣಗಾದ ಮೈಯಲ್ಲಿ ಕಂಬ ಏರುತ್ತದೆ. ಇದಕ್ಕೆ ಬದಲಾಗಿ ಮಕ್ಕಳನ್ನು ಎಂಟೆಂಟರ ಮೂರು ಗುಂಪು ಮಾಡತಕ್ಕದ್ದು. ಮೊದಲ ಹದಿನೈದು ಮಿನಿಟು ಎಲ್ಲರಿಗೂ ಮೈ ಬಿಸಿಮಾಡುವ ಓಟ, ಕೀಲುಗಳ ಚಲನೆ. ಮುಂದಿನ ನಾಲ್ವತ್ತೈದು ಮಿನಿಟು ಒಂದು ಗುಂಪು ಕಂಬದಲ್ಲಿ, ಒಂದು ಹಗ್ಗದಲ್ಲಿ, ಒಂದು ಹಾಸಿಗೆಯ ಮೇಲೆ ಉರುಳು, ಕೈನಿಲುವು ಮುಂತಾದ ನೆಲದ ಸಾಧನೆಯಲ್ಲಿ. ಹದಿನೈದು ಮಿನಿಟಿಗೊಮ್ಮೆ ಸ್ಥಾನ ಬದಲಾವಣೆ. ಆಮೇಲೆ ಇಪ್ಪತ್ತು ಮಿನಿಟು ಎಲ್ಲರೂ ಕೂಡಿ ದಂಡ, ಬೈಠಕ್ಕು, ಜೋತಾಟ. ಕೊನೆಯ ಹತ್ತು ಮಿನಿಟು ಮೈ ಸಡಿಲಿಸುವುದು.

ಇಲ್ಲಿ ಅನುಕ್ರಮವೇ ಮುಖ್ಯ. ಮೊದಲೇ ನೂರು ದಂಡ ಹೊಡೆಸಿ, ಬಯಲಿಗೆ ಐದು ಸುತ್ತು ಓಡಿಸಿ, ಆಮೇಲೆ ಕಂಬಕ್ಕೆ ಕಳಿಸುವುದು ಹಳೆಯ ರೂಢಿ. ಅದು ಮಗುವಿನ ಹಿಡಿತವನ್ನು ಮೊದಲು ಕಸಿದುಕೊಂಡು ಆಮೇಲೆ ಪರೀಕ್ಷೆ ಮಾಡಿದಂತೆ. ಹೊಸದನ್ನೂ ಕಠಿಣವಾದುದನ್ನೂ ಮೈ ತಾಜಾ ಇದ್ದಾಗ ಕಲಿಸಬೇಕು. ಬಲದ ಸಾಧನೆ ಕೊನೆಗಿರಬೇಕು. ಈ ಪದ್ಧತಿಯಲ್ಲಿ ಕಂಬದ ಮೇಲಿನ ವೇಳೆ ತಲೆಗೆ ಎರಡು ಮಿನಿಟಿಗೂ ಕಡಿಮೆಯಾಯಿತಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದುದೇ. ಇನ್ನೊಂದು ಕಂಬ ನೆಟ್ಟರೆ ಆ ವೇಳೆ ಪುನಃ ನಾಲ್ಕು ಮಿನಿಟಿನ ಸಮೀಪಕ್ಕೆ ಬರುತ್ತದೆ. ಹಗ್ಗ, ನೆಲ, ಬಲದ ಸಾಧನೆಗಳು ಮೇಲಿನ ಲಾಭ.

ಇನ್ನು ವಾರದ ಲೆಕ್ಕ. ಮಂಗಳವಾರ ಹೊಸ ಪಟ್ಟು. ಬುಧವಾರ ಕಂಬದ ಕೆಲಸ ಕಡಿಮೆ, ನೆಲದ ಮತ್ತು ಬಲದ ಸಾಧನೆ ಹೆಚ್ಚು. ಗುರುವಾರ ಕಂಬ ಮುಟ್ಟದೆ ಅರ್ಧ ತಾಸಿನ ಯೋಗಾಸನ. ಶುಕ್ರವಾರ ಕಲಿತುದರ ಪುನರಾವೃತ್ತಿ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಇಡೀ ಸರಣಿಯನ್ನು ಗುರುಗಳ ಮುಂದೆ ಒಪ್ಪಿಸುವುದು. ರವಿವಾರ, ಸೋಮವಾರ ಪೂರ್ಣ ಬಿಡುವು. ಇದು ಆರೂವರೆ ತಾಸು. ಹತ್ತು ವರ್ಷದ ಮಗುವಿಗೂ ಭಾರವಲ್ಲ. ದಸರೆಯ ರಜೆಯವರೆಗೆ ಅಡಿಪಾಯ, ಅನಂತರ ಜೋಡಣೆ, ಚಳಿಗಾಲದಲ್ಲಿ ಪ್ರದರ್ಶನ, ಪರೀಕ್ಷೆಯ ತಿಂಗಳಲ್ಲಿ ವಾರಕ್ಕೆ ಎರಡೇ ದಿನ. ಹೀಗೆ ವರ್ಷ ನಡೆದರೆ ಸಮ್ಮೇಳನದ ಹಿಂದಿನ ವಾರ ಸಾಧನೆಯನ್ನು ಹೆಚ್ಚಿಸುವ ಬದಲು ಕಡಿಮೆ ಮಾಡಲು ಧೈರ್ಯ ಬರುತ್ತದೆ.

ಸೋಮವಾರದ ಬಿಡುವನ್ನು ಕುರಿತು ಒಂದು ಮಾತು ಹೇಳದಿರಲಾರೆ. ನಮ್ಮ ಎರೆಸೀಮೆಯ ಒಕ್ಕಲುತನದ ಮನೆಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಬಿತ್ತಿಗೆಯ ಹದ ಹೋಗುತ್ತದೆಂದರೂ ಹಿರಿಯರು ಬಸವಣ್ಣನ ವಾರವನ್ನು ಮುರಿಯುತ್ತಿರಲಿಲ್ಲ. ಮೂಕಪ್ರಾಣಿಯ ದಣಿವನ್ನು ಅರಿತ ನಾಡು ನಮ್ಮದು. ಅದೇ ಮನೆಯ ಮಗು ಶಾಲೆಗೆ ಬಂದಾಗ ಅದರ ಹೆಗಲಿಗೆ ಒಂದು ಸೋಮವಾರವನ್ನು ನಾವು ಕೊಡಲಾರೆವೆ? ಕಾಯಕವೆಂದರೆ ನಿಯತವಾಗಿ, ನಿಷ್ಠೆಯಿಂದ ಮಾಡುವ ಕೆಲಸ. ಆರು ತಿಂಗಳು ಮಲಗಿ ಹದಿನೈದು ದಿನ ಹುಚ್ಚೆದ್ದು ದುಡಿಯುವುದಕ್ಕೆ ಶರಣರು ಆ ಹೆಸರನ್ನು ಕೊಟ್ಟಿರಲಾರರು.

ಅಡಚಣೆಗಳೂ ಇವೆ, ಅವನ್ನು ಮರೆಮಾಚಿ ಪ್ರಯೋಜನವಿಲ್ಲ. ಮೊದಲನೆಯದು ಬಸ್ಸು. ಪ್ರಸಾದನಿಲಯದ ಮಕ್ಕಳು ಬೆಳಗ್ಗೆ ಆರಕ್ಕೆ ಎದ್ದು ತಾಲೀಮಿಗೆ ಬರಬಲ್ಲರು. ಹಳ್ಳಿಗಳಿಂದ ಬಸ್ಸಿನಲ್ಲಿ ಬರುವ ಮಕ್ಕಳಿಗೆ ಬೆಳಗೂ ಇಲ್ಲ, ಸಂಜೆಯೂ ಇಲ್ಲ. ಅದರಲ್ಲಿಯೂ ಹೆಣ್ಣುಮಕ್ಕಳು ಕತ್ತಲೆಯ ಮುಂಚೆ ಮನೆ ಸೇರಬೇಕು. ಹಗ್ಗದ ಮಲ್ಲಕಂಬದಲ್ಲಿ ಹೆಣ್ಣುಮಕ್ಕಳ ಚಾತುರ್ಯವನ್ನು ಕಂಡವರಿಗೆ, ಅವರನ್ನು ಹೊರಗಿಡುವುದು ಕಲೆಗೇ ಆಗುವ ನಷ್ಟವೆಂದು ಬಿಡಿಸಿ ಹೇಳಬೇಕಾಗಿಲ್ಲ. ಸಂಜೆಯ ತಾಲೀಮು ಹೊರನೋಟಕ್ಕೆ ಎಲ್ಲರಿಗೂ ತೆರೆದ ಬಾಗಿಲು. ನಿಜದಲ್ಲಿ ಅದು ಊರಿನ ಗಂಡುಮಕ್ಕಳ ಬಾಗಿಲು. ಪರಿಹಾರ ಒಂದೇ: ಕನಿಷ್ಠ ಮೂರು ದಿನವಾದರೂ ಸಾಧನೆ ಶಾಲೆಯ ವೇಳೆಯೊಳಗೇ, ವೇಳಾಪತ್ರಿಕೆಯ ಕೊನೆಯ ಎರಡು ಪಿರಿಯಡ್ಡುಗಳಲ್ಲಿ ನಡೆಯಬೇಕು. ಆ ಪಿರಿಯಡ್ಡುಗಳನ್ನು ಯಾರೂ ಸಾಲ ಕೇಳಬಾರದು. ಕೇಳಿದರೂ ಮುಖ್ಯಾಧ್ಯಾಪಕರು ಕೊಡಬಾರದು.

ಎರಡನೆಯದು ಪಾಲಕರ ಭಯ. ಎಸ್.ಎಸ್.ಎಲ್.ಸಿ. ಫಲಿತಾಂಶ ಕುಂದೀತೆಂಬ ಅವರ ಆತಂಕವನ್ನು ನಾನು ಹಗುರಾಗಿ ಕಾಣುವುದಿಲ್ಲ. ಎಷ್ಟೋ ಮನೆಗಳಿಗೆ ಆ ಒಂದು ಪರೀಕ್ಷೆಯೇ ಆಸರೆ. ಆದರೆ ಓದಿನ ವಾರವನ್ನು ಕೆಡಿಸುವುದು ಆರೂವರೆ ತಾಸಿನ ನಿಯತ ಸಾಧನೆಯಲ್ಲ. ಸಮ್ಮೇಳನದ ಹೆಸರಿನಲ್ಲಿ ಹದಿನೈದು ದಿನ ತರಗತಿಗಳನ್ನೇ ತಪ್ಪಿಸುವ ನಮ್ಮ ಇಂದಿನ ಪದ್ಧತಿ. ಮಗುವಿಗೆ ದಿನಕ್ಕೆ ಸರಾಸರಿ ಒಂದು ತಾಸಿನ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ 2020ರಲ್ಲಿ ಹೇಳಿದೆ.

ಕೊನೆಯದಾಗಿ ದಾನಿಗಳಲ್ಲಿ ಒಂದು ಬಿನ್ನಹ. ತಾವು ಕೊಟ್ಟ ಢಾಲುಗಳೂ ಬೆಳ್ಳಿಯ ಲೋಟಗಳೂ ಕಪಾಟಿನಲ್ಲಿ ಹೊಳೆಯುತ್ತಿವೆ. ತಮ್ಮ ಔದಾರ್ಯ ದೊಡ್ಡದು. ಆದರೆ ಪ್ರದರ್ಶನದ ದಿನಕ್ಕೆ ಕೊಡುವುದಕ್ಕಿಂತ ಮಂಗಳವಾರಕ್ಕೂ ಬುಧವಾರಕ್ಕೂ ಕೊಡುವುದು ಹೆಚ್ಚು ಪುಣ್ಯಕರವೆಂದು ನನ್ನ ನಮ್ರ ಅಭಿಪ್ರಾಯ. ಎರಡನೆಯ ಕಂಬ, ಎರಡು ಗಟ್ಟಿ ಹಗ್ಗ, ಬಿದ್ದವರನ್ನು ತಾಳಿಕೊಳ್ಳುವ ದಪ್ಪ ಹಾಸಿಗೆಗಳು, ವರ್ಷವಿಡೀ ಬರುವ ಒಬ್ಬ ತರಬೇತುದಾರನ ಸಂಬಳ, ತಾಲೀಮು ಮುಗಿದ ಮೇಲೆ ಪ್ರತಿ ಮಗುವಿನ ಬೊಗಸೆಗೆ ನೆನೆಸಿದ ಕಡಲೆ, ಶೇಂಗಾ, ಒಂದು ತುಂಡು ಬೆಲ್ಲ. ಇವುಗಳ ಮೇಲೆ ದಾನಿಗಳ ಹೆಸರು ಕೆತ್ತಿಸಲು ಜಾಗವಿಲ್ಲ. ಆದರೆ ಕಡಲೆ ಬೆಳೆಯುವ ಈ ನೆಲದಲ್ಲಿ ಮಠದ ಮಗು ಹಸಿದ ಹೊಟ್ಟೆಯಲ್ಲಿ ಕಂಬ ಏರಿತೆಂಬ ಮಾತು ಬರಬಾರದು.

ಮುಂದಿನ ಸಮ್ಮೇಳನದಲ್ಲಿ ಬಾಲಕನೋ ಬಾಲಕಿಯೋ ಕಂಬದ ತುದಿಯಲ್ಲಿ ಕೈ ಮುಗಿದಾಗ ನಾವೆಲ್ಲ ಚಪ್ಪಾಳೆ ತಟ್ಟೋಣ. ತಟ್ಟುವ ಮುನ್ನ ಪಕ್ಕದಲ್ಲಿ ಕುಳಿತ ಶಿಕ್ಷಕರನ್ನು ಒಂದು ಮಾತು ಕೇಳೋಣ: “ಈ ಮಗುವಿಗೆ ಸೋಮವಾರ ಬಿಡುವಿತ್ತೇ?” ಆ ಪ್ರಶ್ನೆಗೆ ಹೌದೆಂಬ ಉತ್ತರ ನಮ್ಮ ಶಾಲೆಯಿಂದಲೇ ಮೊದಲು ಬರಲೆಂದು ಪೂಜ್ಯ ಶ್ರೀಗಳವರ ಸನ್ನಿಧಿಯಲ್ಲಿ ಪ್ರಾರ್ಥಿಸಿ ವಿರಮಿಸುತ್ತೇನೆ.